70-200 ಲೆನ್ಸ್‌ನ ಯಾವ ವರ್ಷನ್ ಕೊಳ್ಳಬೇಕು? ಹೆಸರು ಓದುವುದರಿಂದ ಗೋಡೆಗೆ ಪೇಪರ್ ಅಂಟಿಸಿ ಪರೀಕ್ಷಿಸುವವರೆಗೆ

ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಮೂರು ಬಿಳಿ ಲೆನ್ಸ್ ನಿಂತಿವೆ ಅಂದುಕೊಳ್ಳಿ. ಮೂರರ ಮೇಲೂ 70-200 (70ರಿಂದ 200 ಎಂಎಂವರೆಗೆ ಜೂಮ್ ಮಾಡಿ ದೂರದ್ದನ್ನು ಹತ್ತಿರ ತರುವ ಲೆನ್ಸ್) ಎಂದೇ ಇದೆ, ಮೂರಕ್ಕೂ ಕೆಂಪು ಉಂಗುರ, ಉದ್ದವೂ ಹೆಚ್ಚುಕಡಿಮೆ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಏಕೆ ಎಂದು ಕೇಳಿದರೆ ‘ಹೊಸಾದು ಚಲೋ ಇರತೈತ್ರಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಕೆಲವು ಹೊಸ ವರ್ಷನ್‌ಗಳಲ್ಲಿ ಒಳಗಿನ ಗಾಜು, ಮೋಟಾರು, ಸ್ಟೆಬಿಲೈಸರ್ ಎಲ್ಲವೂ ಬದಲಾಗಿರುತ್ತವೆ. ಇನ್ನು ಕೆಲವದರಲ್ಲಿ ಗಾಜಿನ ಮೇಲಿನ ಲೇಪನ ಬದಲಾದದ್ದೇ ದೊಡ್ಡದು. ಹೆಸರಿನ ಕೊನೆಯ ಟೂ, ತ್ರೀ ನೋಡಿ ಹಣ ಎಣಿಸುವುದಕ್ಕಿಂತ, ಆ ಅಂಕಿಯ ಹಿಂದೆ ಬದಲಾದ ಭಾಗ ನಿಮ್ಮ ಕೆಲಸಕ್ಕೆ ಬರುತ್ತದೆಯೇ ಎಂದು ನೋಡುವುದು ಲಾಭ.

ಹೆಚ್ಚು ಉದಾಹರಣೆಗಳನ್ನು ಕ್ಯಾನನ್‌ನಿಂದ ತೆಗೆದುಕೊಂಡಿದ್ದೇವೆ. ಒಂದೇ ಹೆಸರಿನಲ್ಲಿ ಇಷ್ಟೊಂದು ವರ್ಷನ್ ಬಂದು ತಲೆ ಕೆಡಿಸುವುದು ಅಲ್ಲೇ ಹೆಚ್ಚು.

ಹಂತ 1: ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ?

ಇದನ್ನು ಕೊನೆಗೆ ನೋಡುವವರೇ ಜಾಸ್ತಿ, ಪೆಟ್ಟು ತಿನ್ನುವವರೂ ಅವರೇ. ಮೌಂಟ್‌ಗೆ (ಲೆನ್ಸ್ ಸಿಕ್ಕಿಸುವ ಉಂಗುರಕ್ಕೆ) ಕುಳಿತಿತೆಂದರೆ ಕೆಲಸ ಮಾಡುತ್ತದೆ ಎಂದಲ್ಲ.

ನಿಕಾನ್‌ನಲ್ಲಿ ಬೀಳಬಹುದಾದ ಮೂರು ಹಳ್ಳಗಳಿವೆ. ಒಂದು: ಹಳೆಯ ಎಎಫ್, ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರು ಇಲ್ಲ. ಬಾಡಿಯೊಳಗಿನ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗಿನ) ಮೋಟಾರು ಅವನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರು ಇಲ್ಲವಾದ್ದರಿಂದ ಫೋಕಸ್ ಕೈಯಿಂದಲೇ ಮಾಡಬೇಕು. ಎರಡು: ಎಎಫ್-ಪಿ ಎಂದಿರುವ 70-300. ಹಗುರ, ಸದ್ದಿಲ್ಲ, ವೇಗವೂ ಇದೆ. ಆದರೆ ಡಿ90, ಡಿ7000, ಡಿ3100ರಂಥ ಹಳೆಯ ಬಾಡಿಗಳಲ್ಲಿ ಅದು ಫೋಕಸ್ ಮಾಡುವುದೇ ಇಲ್ಲ. ಕೈಯಿಂದಲೂ ಆಗದು, ಏಕೆಂದರೆ ಅದರ ಫೋಕಸ್ ರಿಂಗ್ ಕೂಡ ವಿದ್ಯುತ್ತಿನಿಂದಲೇ ನಡೆಯುತ್ತದೆ. ಮೂರು: 2016ರ 70-200 ಎಫ್2.8 ಇ ವರ್ಷನ್. ಅದರ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ವಿದ್ಯುತ್ತಿನಿಂದ ಮುಚ್ಚುತ್ತದೆ. ಡಿ90, ಡಿ200ರಂಥ ಬಾಡಿಗಳಿಗೆ ಆ ಭಾಷೆ ತಿಳಿಯದು.

ಕ್ಯಾನನ್‌ನಲ್ಲಿ ಇಎಫ್ ಲೆನ್ಸ್ ಎಲ್ಲ ಡಿಎಸ್ಎಲ್ಆರ್‌ಗೂ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಸರಿ. ಅಡಾಪ್ಟರ್ ಹಾಕಿದರೆ ಕನ್ನಡಿಯಿಲ್ಲದ ಆರ್ ಸರಣಿಯ ಮಿರರ್‌ಲೆಸ್‌ಗೂ ಸರಿ, ಫೋಕಸ್ ವೇಗದಲ್ಲಿ ನಷ್ಟವಿಲ್ಲ. ಚಿಕ್ಕ (ಕ್ರಾಪ್) ಸೆನ್ಸರಿನ ಬಾಡಿಗಳಿಗೆಂದೇ ಮಾಡಿದ ಇಎಫ್-ಎಸ್ 55-250 ಮಾತ್ರ ದೊಡ್ಡ ಸೆನ್ಸರಿನ, ಅಂದರೆ ಫುಲ್‌ಫ್ರೇಮ್ ಡಿಎಸ್ಎಲ್ಆರ್‌ಗೆ ಕೂರುವುದೇ ಇಲ್ಲ. ಅಡಾಪ್ಟರ್ ಮೂಲಕ ಫುಲ್‌ಫ್ರೇಮ್ ಮಿರರ್‌ಲೆಸ್ ಆರ್6ಕ್ಕೆ ಕೂರಿಸಿದರೆ ಚಿತ್ರದ ಅಂಚು ಕತ್ತರಿಸಿಹೋಗಿ (ಕ್ರಾಪ್ ಆಗಿ), 20 ಮೆಗಾಪಿಕ್ಸೆಲ್‌ನಲ್ಲಿ ಕೈಗೆ ಸಿಗುವುದು 8ಕ್ಕಿಂತ ಕಡಿಮೆ. ಮಿರರ್‌ಲೆಸ್‌ಗೆಂದೇ ಮಾಡಿದ ಆರ್‌ಎಫ್ ಲೆನ್ಸ್ ಹಳೆಯ ಡಿಎಸ್ಎಲ್ಆರ್‌ಗೆ ಯಾವ ಅಡಾಪ್ಟರ್ ತಂದರೂ ಬಾರದು. ಹಾಗಾಗಿ ಇನ್ನೂ ಡಿಎಸ್ಎಲ್ಆರ್ ಇಟ್ಟುಕೊಂಡು, ಮುಂದೆಂದೋ ಮಿರರ್‌ಲೆಸ್‌ಗೆ ಹೋಗುವ ಯೋಚನೆಯಿದ್ದವರಿಗೆ ಇಎಫ್ ಲೆನ್ಸೇ ಎರಡೂ ಕಡೆ ಸಲ್ಲುವ ನಾಣ್ಯ.

ಹಂತ 2: ದೂರ ಮತ್ತು ಬೆಳಕಿನ ಲೆಕ್ಕ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ತೆಗೆದುಕೊಳ್ಳಿ. 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಕ್ಕಿಯ ಉದ್ದ ಸುಮಾರು 75 ಸೆಂ.ಮೀ. ದಂಡೆಯಿಂದ 100 ಮೀಟರ್ ದೂರದಲ್ಲಿ ಕೂತಿದೆ ಎನ್ನೋಣ. ಕ್ಯಾನನ್ ಕ್ರಾಪ್ ಸೆನ್ಸರಿನ ಅಗಲ 22.3 ಎಂಎಂ. 200 ಎಂಎಂನಲ್ಲಿ ಚೌಕಟ್ಟಿನ ಅಗಲಕ್ಕೆ ಸಿಗುವ ಜಾಗ ಸುಮಾರು 11 ಮೀಟರ್. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್ ಎಂದರೆ ಹಕ್ಕಿಗೆ ಬರುವ ಪಾಲು 400. ಫುಲ್‌ಫ್ರೇಮ್‌ನಲ್ಲಿ ಅದೇ 200 ಎಂಎಂ ಹಾಕಿದರೆ 250. 400 ಎಂಎಂ ಹಾಕಿದರೆ ಕ್ರಾಪ್ ಬಾಡಿಯಲ್ಲಿ 800. ಈ ಲೆಕ್ಕದ ಮುಂದೆ ಮಾರ್ಕ್ ಟೂ, ಮಾರ್ಕ್ ತ್ರೀ ಚರ್ಚೆಗೆ ಅರ್ಥವಿಲ್ಲ. ಹಕ್ಕಿಯೇ ಮುಖ್ಯವಾದರೆ 70-200ರ ಎಲ್ಲ ವರ್ಷನ್‌ಗಳನ್ನೂ ಬಿಟ್ಟು 100-400ರ ಕಡೆ ಹೋಗಿ. ರಾಣೆಬೆನ್ನೂರಿನ ಕೃಷ್ಣಮೃಗಕ್ಕೂ ಇದೇ ಮಾತು. ಬಂಕಾಪುರದ ನವಿಲು ಮಾತ್ರ ಹತ್ತಿರ ಬಂದಾಗ 200ಕ್ಕೂ ಸಿಕ್ಕೀತು.

ಈಗ ಕಲ್ಯಾಣಮಂಟಪ. ದೂರ 5ರಿಂದ 10 ಮೀಟರ್, ತೊಂದರೆ ಇರುವುದು ಬೆಳಕಿನದು. ಎಫ್2.8, ಶಟರ್ 1/250 ಸೆಕೆಂಡ್, ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿದಷ್ಟೂ ಚಿತ್ರ ಕಾಳುಕಾಳು) 3200ರಲ್ಲಿ ಸರಿಯಾಗುವ ಚಿತ್ರಕ್ಕೆ ಎಫ್4 ಲೆನ್ಸ್‌ನಲ್ಲಿ ಐಎಸ್ಒ 6400 ಬೇಕು. ಸ್ಟೆಬಿಲೈಸರ್ ಇದೆಯಲ್ಲ, ಶಟರ್ 1/60ಕ್ಕೆ ಇಳಿಸೋಣ ಎಂದರೆ ನಿಮ್ಮ ಕೈ ನಡುಗಿದ್ದು ಕಾಣದು, ಆದರೆ ಅಕ್ಕಿಕಾಳು ಎರಚುವ ಕೈಗಳು ಮಂಜಾಗುತ್ತವೆ. ಸ್ಟೆಬಿಲೈಸರ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಎದುರಿಗಿನವರ ಕೈಯನ್ನಲ್ಲ. ಮದುವೆ ಆರ್ಡರ್‌ಗಳೇ ಹೊಟ್ಟೆಪಾಡಾದರೆ ಎಫ್2.8 ಬಿಟ್ಟು ಬೇರೆ ನೋಡಬೇಡಿ, ಹಳೆಯ ವರ್ಷನ್ ಆದರೂ ಅಡ್ಡಿಯಿಲ್ಲ.

ಮೂರನೆಯದು ದೀಪಾವಳಿಯ ಹೊತ್ತಿಗೆ ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆ. ಬಿಸಿಲಿರುತ್ತದೆ, ಎಫ್4 ಸಾಕು, ಬೇಕಾದರೆ ಎಫ್5.6ಕ್ಕೂ ನಡೆಯುತ್ತದೆ. ಬೇಕಾದದ್ದು 1/1600ರ ಶಟರ್ ಮತ್ತು ಚುರುಕು ಫೋಕಸ್ ಮೋಟಾರು. ಕೊಂಬಿಗೆ ಕಟ್ಟಿದ ಬಲೂನು, ಕೊರಳ ಕೊಬ್ಬರಿ ಮಾಲೆ ಮುಂದೆ ಬಂದು ಫೋಕಸ್ ಕದಿಯುತ್ತವೆ. ಆದ್ದರಿಂದ ಒಂದೇ ಫೋಕಸ್ ಪಾಯಿಂಟ್ ಇಟ್ಟು ಎರಡು ಕೊಂಬಿನ ನಡುವಿನ ಹಣೆಗೆ ಹಿಡಿಯಬೇಕು. ಲೆನ್ಸ್ ಮೇಲೆ 2.5 ಮೀಟರ್‌ನಿಂದ ಅನಂತದವರೆಗೆ ಎಂಬ ಸ್ವಿಚ್ ಇದ್ದರೆ ಅಲ್ಲಿಗೆ ತಳ್ಳಿ. ಮೋಟಾರು ಹತ್ತಿರದ ದೂರಗಳನ್ನೆಲ್ಲ ಹುಡುಕುತ್ತ ಅಲೆಯುವುದು ತಪ್ಪುತ್ತದೆ. ಟೆಲಿ ಲೆನ್ಸ್ ಇರುವುದೇ ಬೇಲಿಯ ಹಿಂದೆ ನಿಲ್ಲಲಿಕ್ಕೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ಹೋರಿ ಎಷ್ಟು ಹತ್ತಿರ ಬಂತೆಂಬುದು ಗೊತ್ತಾಗುವುದಿಲ್ಲ.

ಹಂತ 3: ಎಫ್2.8 ಬಳಗದ ಒಳಗೆ ಏನೇನು ಬದಲಾಯಿತು

ಕ್ಯಾನನ್‌ನ 1995ರ ಮೊದಲ 70-200 ಎಫ್2.8ಕ್ಕೆ ಐಎಸ್ (ಕ್ಯಾನನ್‌ನ ಸ್ಟೆಬಿಲೈಸರ್) ಇಲ್ಲ. ತೂಕ 1310 ಗ್ರಾಂ, ಹತ್ತಿರದ ಫೋಕಸ್ 1.5 ಮೀಟರ್. ಮಳೆ-ಧೂಳಿಗೆ ಮೌಂಟ್‌ನಲ್ಲಿ ರಬ್ಬರ್ ಸೀಲ್ ಇಲ್ಲ. ಗಾಜು ಇಂದಿಗೂ ಒಳ್ಳೆಯದು. ಓಟ, ಕಬಡ್ಡಿ, ಹೋರಿ ಎಂದು 1/1000ರ ಮೇಲೆಯೇ ಹೊಡೆಯುವವರಿಗೆ ಐಎಸ್ ಇಲ್ಲದ್ದು ಕೊರತೆಯೇ ಅಲ್ಲ. ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಆರ್6ರಂಥದ್ದು ಇದ್ದರೆ ಇದು ಮತ್ತಷ್ಟು ಒಳ್ಳೆಯ ವ್ಯಾಪಾರ.

2001ರಲ್ಲಿ ಐಎಸ್ ಬಂತು. 3 ಸ್ಟಾಪ್ ಸ್ಥಿರತೆ (ಒಂದೊಂದು ಸ್ಟಾಪ್‌ಗೂ ಶಟರ್ ಎರಡರಷ್ಟು ನಿಧಾನ ಮಾಡಬಹುದು), ಸೀಲಿಂಗ್, 1.4 ಮೀಟರ್ ಫೋಕಸ್. ಕಾಗದದ ಮೇಲೆ ಎಲ್ಲವೂ ಮುನ್ನಡೆಯೇ. ಆದರೆ 200 ಎಂಎಂ, ಎಫ್2.8ರಲ್ಲಿ ಇದರ ಚಿತ್ರ ಸ್ವಲ್ಪ ಮೆತ್ತಗೆ, ಅಂದರೆ ಚೂಪಿಲ್ಲದೆ, ಕಾಣುತ್ತದೆ. ಎಫ್4ಕ್ಕೆ ಇಳಿಸಿದರೆ ಬಿಗಿಯಾಗುತ್ತದೆ. ಎಫ್2.8ಕ್ಕೆಂದು ಹಣ ಕೊಟ್ಟು ಎಫ್4ರಲ್ಲಿ ಹೊಡೆಯುವ ಪ್ರಮೇಯ ಬಂದರೆ ಲೆಕ್ಕ ತಪ್ಪಿತು. ಹಳೆಯದಾದ್ದರಿಂದ ಇದರ ಐಎಸ್ ಘಟಕ ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ ಎಂದು ಸರ್ವಿಸ್‌ನವರನ್ನು ಕೇಳಿಯೇ ಮುಂದಡಿ ಇಡಿ. ಎಫ್2.8ರ ನಾಲ್ಕು ಇಎಫ್ ವರ್ಷನ್‌ಗಳಲ್ಲಿ ನಮ್ಮ ಕಟ್ಟಕಡೆಯ ಆಯ್ಕೆ ಇದು.

ನಿಜವಾದ ಜಿಗಿತ 2010ರ ಮಾರ್ಕ್ ಟೂದಲ್ಲಿ. ಗಾಜಿನ ವಿನ್ಯಾಸವನ್ನೇ ಹೊಸದಾಗಿ ಮಾಡಿದರು: 19 ಗುಂಪುಗಳಲ್ಲಿ 23 ಗಾಜು, ಅದರಲ್ಲಿ ಒಂದು ಫ್ಲೋರೈಟ್, ಐದು ಯುಡಿ (ಎರಡೂ ಅಂಚಿನ ಬಣ್ಣದೋಷ ತಗ್ಗಿಸುವ ವಿಶೇಷ ಗಾಜು). ಹತ್ತಿರದ ಫೋಕಸ್ 1.2 ಮೀಟರ್‌ಗೆ ಇಳಿಯಿತು, ಐಎಸ್ 4 ಸ್ಟಾಪ್‌ಗೆ ಏರಿತು, ತೂಕ 1490 ಗ್ರಾಂ. 200 ಎಂಎಂ, ಎಫ್2.8ರಲ್ಲಿ ವಧುವಿನ ರೆಪ್ಪೆ ಎಣಿಸಬಹುದು. ಅಪರ್ಚರ್ ಪೂರ್ತಿ ತೆರೆದು ಹೊಡೆಯುವ ಧೈರ್ಯ ಕೊಟ್ಟ ವರ್ಷನ್ ಇದು.

2018ರ ಮಾರ್ಕ್ ತ್ರೀ? ಗಾಜಿನ ವಿನ್ಯಾಸ ಮಾರ್ಕ್ ಟೂದ್ದೇ. ಏರ್ ಸ್ಫಿಯರ್ ಎಂಬ ಲೇಪನ ಸೇರಿದೆ. ಎದುರಿನಿಂದ ಬೆಳಕು ಬಿದ್ದಾಗ ಚಿತ್ರ ಬಿಳಿಚಿಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಗಾಜಿಗೆ ಫ್ಲೋರಿನ್ ಲೇಪನವಿದ್ದು, ಬೆರಳಿನ ಜಿಡ್ಡು, ಮಳೆಹನಿ ಸಲೀಸಾಗಿ ಒರೆಸಿಹೋಗುತ್ತದೆ. ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಸೂರ್ಯನಿಗೆ ಎದುರಾಗಿ ಪ್ರಿ-ವೆಡ್ಡಿಂಗ್ ಶೂಟ್ ಮಾಡುವವರಿಗೆ, ಮುಖಕ್ಕೆ ಹೊಡೆಯುವ ಸ್ಟೇಜ್ ಲೈಟಿನಲ್ಲಿ ಕೆಲಸ ಮಾಡುವವರಿಗೆ ಇದು ಪ್ರಯೋಜನದ ಬದಲಾವಣೆ. ಉಳಿದವರಿಗೆ ಚೆನ್ನಾಗಿರುವ ಮಾರ್ಕ್ ಟೂ ಸಿಕ್ಕರೆ ಮಿಕ್ಕ ಹಣದಲ್ಲಿ 1.4 ಎಕ್ಸ್‌ಟೆಂಡರ್ (ಲೆನ್ಸ್ ಮತ್ತು ಬಾಡಿ ನಡುವೆ ಸಿಕ್ಕಿಸುವ, ಇನ್ನಷ್ಟು ಹತ್ತಿರ ತರುವ ಗಾಜು) ಕೊಳ್ಳಿ: 70-200 ಎಫ್2.8 ಲೆನ್ಸ್ 98-280 ಎಫ್4 ಆಗುತ್ತದೆ.

2019ರ ಆರ್‌ಎಫ್ 70-200 ಎಫ್2.8 ಬೇರೆಯೇ ಜಾತಿ. 1070 ಗ್ರಾಂ, ಹತ್ತಿರದ ಫೋಕಸ್ 0.7 ಮೀಟರ್, ಬ್ಯಾಗಿನಲ್ಲಿ ಕಡಿಮೆ ಜಾಗ. ಬದಲಿಗೆ ಕಳೆದುಕೊಳ್ಳುವುದು ಎರಡು. ಜೂಮ್ ಮಾಡಿದಾಗ ಮುಂಭಾಗ ಹೊರಚಾಚುತ್ತದೆ, ಹಾಗಾಗಿ ಗಿಂಬಲ್ (ವಿಡಿಯೊಗೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮೇಲೆ ಸಮತೋಲ ಕೆಡುತ್ತದೆ. ಎಕ್ಸ್‌ಟೆಂಡರ್ ಕೂರುವುದಿಲ್ಲ. ಈ ಎರಡನ್ನೂ ಸರಿಪಡಿಸಿದ್ದು 2024ರ ಝಡ್ ವರ್ಷನ್: ಜೂಮ್ ಒಳಗೇ ನಡೆಯುತ್ತದೆ, ಎಕ್ಸ್‌ಟೆಂಡರ್ ಹಿಡಿಸುತ್ತದೆ. ಆದರೆ ಫಿಲ್ಟರ್ ಅಳತೆ 77ರಿಂದ 82ಕ್ಕೆ ಹೋಗಿದೆ, ಹಳೆಯ ಫಿಲ್ಟರ್‌ಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಸೋನಿಯಲ್ಲಿ ಆಯ್ಕೆ ಸುಲಭ. 2016ರ 70-200 ಎಫ್2.8 ಜಿಎಂ 1480 ಗ್ರಾಂ, 2021ರ ಜಿಎಂ ಟೂ 1045 ಗ್ರಾಂ. ಮುಂಜಾನೆಯಿಂದ ಆರತಕ್ಷತೆಯವರೆಗೆ ಕೊರಳಿಗೆ ಹಾಕಿಕೊಂಡು ಓಡಾಡುವವರಿಗೆ ಆ 435 ಗ್ರಾಂ ವ್ಯತ್ಯಾಸಕ್ಕೇ ಬೆಲೆ ಕಟ್ಟಬಹುದು. ನಿಕಾನ್‌ನ 2003ರ ವಿಆರ್ (ನಿಕಾನ್‌ನ ಸ್ಟೆಬಿಲೈಸರ್ ಇರುವ) ವರ್ಷನ್ ಕ್ರಾಪ್ ಬಾಡಿಗೆ ಒಳ್ಳೆಯದು. ಫುಲ್‌ಫ್ರೇಮ್‌ನಲ್ಲಿ ಅದರ ಮೂಲೆಗಳು ಕಪ್ಪಾಗಿ ಮೆತ್ತಗಾಗುತ್ತವೆ. 2009ರ ವಿಆರ್ ಟೂ ಅದನ್ನು ಸರಿಮಾಡಿತು, ಆದರೆ ತೀರ ಹತ್ತಿರ ಫೋಕಸ್ ಮಾಡಿದಾಗ 200 ಎಂಎಂ ಸುಮಾರು 135ರಷ್ಟೇ ತೋರಿಸುತ್ತದೆ. ಮೆಹಂದಿ ಕೈ, ಮೂಗುತಿ, ಮುಖದ ಕ್ಲೋಸಪ್ ಬೇಕೆಂದು ಕೊಂಡವರು ಬೇಸರಪಡುವುದು ಇಲ್ಲಿ. 2016ರ ಇ ವರ್ಷನ್‌ನಲ್ಲಿ ಆ ದೋಷ ಬಹಳ ಕಡಿಮೆ.

ಎಫ್4 ಮತ್ತು ಅದಕ್ಕಿಂತ ಅಗ್ಗದವು

ಕ್ಯಾನನ್ ಎಫ್4ರಲ್ಲೂ ಮೂರು: 1999ರದು ಐಎಸ್ ಇಲ್ಲದ್ದು, 705 ಗ್ರಾಂ, ಸೀಲಿಂಗ್ ಇಲ್ಲ. 2006ರದು ಐಎಸ್ 4 ಸ್ಟಾಪ್, ಸೀಲಿಂಗ್ ಸಹಿತ 760 ಗ್ರಾಂ. 2018ರ ಟೂ 5 ಸ್ಟಾಪ್, 780 ಗ್ರಾಂ, 1 ಮೀಟರ್ ಫೋಕಸ್. ಮೊದಲೆರಡಕ್ಕೆ 67 ಎಂಎಂ ಫಿಲ್ಟರ್, ಮೂರನೆಯದಕ್ಕೆ 72. ಇಲ್ಲಿ 2006ರದ್ದೇ ನಮ್ಮ ಆಯ್ಕೆ. ಎಫ್2.8ರ ಅರ್ಧ ತೂಕ, ಚಿತ್ರ ಮೊದಲ ಐಎಸ್ ಎಫ್2.8ಕ್ಕಿಂತ ಚೊಕ್ಕ. ಟ್ರೈಪಾಡ್ ಕಾಲರ್ (ಲೆನ್ಸನ್ನು ಟ್ರೈಪಾಡ್‌ಗೆ ಕೂರಿಸುವ ಪಟ್ಟಿ) ಈ ಮೂರರ ಜೊತೆಗೂ ಬರುವುದಿಲ್ಲ, ಬೇರೆ ಕೊಳ್ಳಬೇಕು. ಮಾರುವವರು ಅದನ್ನು ಸೇರಿಸಿ ಕೊಟ್ಟರೆ ಬಿಡಬೇಡಿ.

55-250ರಲ್ಲಿ 2007ರ ಐಎಸ್, 2011ರ ಐಎಸ್ ಟೂ, 2013ರ ಎಸ್‌ಟಿಎಂ (ಬೇರೆ ಬಗೆಯ ಫೋಕಸ್ ಮೋಟಾರಿನದು) ಇವೆ. ಮೊದಲ ಎರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಟಿಎಂ ಮಾತ್ರ ನಿಜಕ್ಕೂ ಬೇರೆ: ಫೋಕಸ್ ಚುರುಕು, ಹತ್ತಿರದ ದೂರ 1.1ರ ಬದಲು 0.85 ಮೀಟರ್. ಫೋಕಸ್ ಮಾಡುವಾಗ ಮುಂಭಾಗ ತಿರುಗದ ಕಾರಣ ಪೋಲರೈಸರ್ (ಪ್ರತಿಫಲನ ತಗ್ಗಿಸುವ, ತಿರುಗಿಸಿ ಹೊಂದಿಸುವ ಫಿಲ್ಟರ್) ಹಾಕಿದರೆ ಮತ್ತೆ ಮತ್ತೆ ಹೊಂದಿಸಬೇಕಿಲ್ಲ. ಐಎಸ್ ಇಲ್ಲದ 75-300 ಕಿಟ್ ಜೊತೆ ಬಂದಿದ್ದರೆ ಬಳಸಿ, ದುಡ್ಡು ಕೊಟ್ಟು ಮಾತ್ರ ತರಬೇಡಿ.

100-400ರಲ್ಲಿ 1998ರದು ಮುಂದೆ-ಹಿಂದೆ ಎಳೆದು ಜೂಮ್ ಮಾಡುವಂಥದ್ದು. ಹಾರುವ ಹಕ್ಕಿಗೆ ಅದು ವೇಗ. ಆದರೆ ಪ್ರತಿ ಎಳೆತಕ್ಕೂ ಗಾಳಿ ಒಳಗೆ ಹೊರಗೆ ಆಡುತ್ತದೆ, ಬೇಸಿಗೆಯಲ್ಲಿ ಎರೆಹೊಲದ ಧೂಳು ಅದರ ಜೊತೆಗೇ. ಟ್ರೈಪಾಡ್ ಮೇಲೆ ಇದರ ಐಎಸ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಅದೇ ಅಲುಗಾಡಿಸುತ್ತದೆ. 2014ರ ಟೂದಲ್ಲಿ ತಿರುಗಿಸುವ ಜೂಮ್, 4 ಸ್ಟಾಪ್ ಐಎಸ್, ಫೋಕಸ್ 1.8ರಿಂದ 0.98 ಮೀಟರ್‌ಗೆ ಇಳಿದಿದೆ. ಹಕ್ಕಿಯ ಜೊತೆ ಚಿಟ್ಟೆಯನ್ನೂ ಅದೇ ಲೆನ್ಸ್‌ನಲ್ಲಿ ಹಿಡಿಯಬಹುದು. ಆರ್ ಬಾಡಿಯವರಿಗೆ 635 ಗ್ರಾಂನ ಆರ್‌ಎಫ್ 100-400 ಇದೆ. 400ರಲ್ಲಿ ಎಫ್8, ಬಿಸಿಲಿನ ಲೆನ್ಸ್.

ಇನ್ನೊಂದು ಮಾತು. ಬಿಸಿಲೇರಿದ ಮೇಲೆ ಕೆರೆ, ಹೊಲಗಳ ಮೇಲೆ ಬಿಸಿಗಾಳಿ ಕುಣಿಯತೊಡಗುತ್ತದೆ. 100 ಮೀಟರ್ ಆಚೆಯ ಹಕ್ಕಿ ಆಗ ಯಾವ ವರ್ಷನ್‌ನಲ್ಲೂ ಚೊಕ್ಕ ಬಾರದು. ಮಧ್ಯಾಹ್ನದ ಚಿತ್ರ ನೋಡಿ ಲೆನ್ಸ್ ಮಾರಬೇಡಿ, ಮರುದಿನ ಬೆಳಿಗ್ಗೆ 7ಕ್ಕೆ ಹೋಗಿ ಹೊಡೆದು ನೋಡಿ.

ಹಂತ 4: ಸೆಕೆಂಡ್‌ಹ್ಯಾಂಡ್ ಲೆನ್ಸ್ ಜೊತೆ ಒಂದು ತಾಸು

ನಿಮ್ಮ ಬಾಡಿ, ಖಾಲಿ ಕಾರ್ಡ್, ಮೊಬೈಲ್ ಟಾರ್ಚ್, ನಾಲ್ಕು ಹಾಳೆ ಕನ್ನಡ ದಿನಪತ್ರಿಕೆ, ಟೇಪ್ ಒಯ್ಯಿರಿ.

ಮೊದಲು ಟಾರ್ಚ್. ಹಿಂಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಕ್ಯಾನನ್ ಇಎಫ್ ಲೆನ್ಸ್ ಬಾಡಿಯಿಂದ ತೆಗೆದಾಗ ಅಪರ್ಚರ್ ತೆರೆದೇ ಇರುತ್ತದೆ. ನಿಕಾನ್ ಜಿ ಲೆನ್ಸ್‌ನಲ್ಲಿ ಮುಚ್ಚಿರುತ್ತದೆ, ಹಿಂದಿನ ಸಣ್ಣ ಲೋಹದ ಕಡ್ಡಿಯನ್ನು ಬೆರಳಿಂದ ತಳ್ಳಿ ತೆರೆಯಬೇಕು. ತೆರೆಯದೆ ನೋಡಿ ‘ಕ್ಲೀನ್ ಐತಿ’ ಎಂದವರು ಅರ್ಧ ಗಾಜನ್ನು ನೋಡಿಯೇ ಇಲ್ಲ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ. ಜೇಡನ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್. ಹಾಲು ಚೆಲ್ಲಿದಂಥ ಮಬ್ಬು ಕಂಡರೆ ಹೇಝ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜಿನ ನಡುವಿನ ಅಂಟು ಬಿಡುತ್ತಿದೆ. ಕೊನೆಯ ಮೂರರಲ್ಲಿ ಯಾವುದಿದ್ದರೂ ಬೆಲೆ ಎಷ್ಟೇ ಇಳಿಸಲಿ, ಎದ್ದು ಬನ್ನಿ.

ವಯಸ್ಸು ತಿಳಿಯಲು ಹಳೆಯ ಕ್ಯಾನನ್ ಲೆನ್ಸ್‌ಗಳ ಹಿಂಭಾಗದಲ್ಲಿ ಯುಆರ್0902 ಎಂಬಂಥ ಇಂಗ್ಲಿಷ್ ಅಕ್ಷರ-ಅಂಕಿಗಳಿರುತ್ತವೆ. ಮೊದಲ ಅಕ್ಷರ ಕಾರ್ಖಾನೆ, ಎರಡನೆಯದು ವರ್ಷ. 1986ಕ್ಕೆ ವರ್ಣಮಾಲೆಯ ಮೊದಲಕ್ಷರವಿಟ್ಟು ಎಣಿಸುತ್ತ ಹೋದರೆ ಆರ್ ಎಂದರೆ 2003, ಯು ಎಂದರೆ 2006. ಮಾರುವವರು ‘ನಾಲ್ಕೈದು ವರ್ಷದ್ದು’ ಎಂದಾಗ ಇದನ್ನು ಓದಿ.

ಮೌಂಟ್‌ನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಫಿಲ್ಟರ್ ಎಳೆ ಒಂದು ಕಡೆ ಜಜ್ಜಿದ್ದರೆ ಬಿದ್ದಿದೆ. ಬಿದ್ದ ಲೆನ್ಸ್‌ನ ಗಾಜು ಒಂದು ಕೂದಲೆಳೆ ಓರೆಯಾದರೂ ಚಿತ್ರದ ಒಂದು ಮಗ್ಗುಲು ಮಂಜಾಗುತ್ತದೆ. ಅದನ್ನು ಹಿಡಿಯಲಿಕ್ಕೇ ಪತ್ರಿಕೆ.

ಹಾಳೆಗಳನ್ನು ಸಮತಟ್ಟಾದ ಗೋಡೆಗೆ ಅಕ್ಕಪಕ್ಕ ಅಂಟಿಸಿ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಟ್ರೈಪಾಡ್ ಮೇಲಿರಲಿ, ಐಎಸ್ ಆಫ್, 2 ಸೆಕೆಂಡ್ ಟೈಮರ್. 200 ಎಂಎಂನಲ್ಲಿ 5 ಮೀಟರ್ ದೂರ ನಿಂತರೆ ಕ್ರಾಪ್ ಬಾಡಿಯ ಚೌಕಟ್ಟಿನಲ್ಲಿ 56 ಸೆಂ.ಮೀ. ಅಗಲ, ಫುಲ್‌ಫ್ರೇಮ್‌ನಲ್ಲಿ 90 ಸೆಂ.ಮೀ. ಅಗಲ ಸಿಗುತ್ತದೆ. ಲೈವ್‌ವ್ಯೂದಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತ) ಫೋಕಸ್ ಮಾಡಿ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್5.6ರಲ್ಲಿ ಒಂದು ಹೊಡೆಯಿರಿ. 135ರಲ್ಲೂ 70ರಲ್ಲೂ ಹತ್ತಿರ ಸರಿದು ಇದನ್ನೇ ಮಾಡಿ. ಪರದೆಯ ಮೇಲೆ ಹಿಗ್ಗಿಸಿ ಒತ್ತಕ್ಷರಗಳನ್ನು ನೋಡಿ. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಬೇರೆಬೇರೆಯಾಗಿ ಕಾಣಬೇಕು. ಲೆನ್ಸ್ ಪರೀಕ್ಷೆಗೆ ನಮ್ಮ ಲಿಪಿಯಷ್ಟು ಅನುಕೂಲದ ಚಾರ್ಟ್ ಇನ್ನೊಂದಿಲ್ಲ. ನಾಲ್ಕೂ ಮೂಲೆ ಒಂದೇ ಥರ ಮೆತ್ತಗಿದ್ದರೆ ಅದು ವಿನ್ಯಾಸದ ಗುಣ. ಎಡಗಡೆ ಓದಲು ಬಂದು ಬಲಗಡೆ ಬಾರದಿದ್ದರೆ ಕ್ಯಾಮೆರಾ ಓರೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಹೊಡೆಯಿರಿ. ಮತ್ತೆ ಅದೇ ಬಂದರೆ ಗಾಜು ಸರಿದಿದೆ.

ಡಿಎಸ್ಎಲ್ಆರ್ ಆದರೆ ಅದೇ ಚಿತ್ರವನ್ನು ವ್ಯೂಫೈಂಡರ್ ಫೋಕಸ್‌ನಲ್ಲೂ ಹೊಡೆಯಿರಿ. ಲೈವ್‌ವ್ಯೂ ಚಿತ್ರ ಚೊಕ್ಕ, ವ್ಯೂಫೈಂಡರಿನದು ಮಂಜು ಎಂದಾದರೆ ಲೆನ್ಸ್ ಕೆಟ್ಟಿಲ್ಲ, ಫೋಕಸ್ ಮುಂದೆ ಅಥವಾ ಹಿಂದೆ ಬೀಳುತ್ತಿದೆ. ಬಾಡಿಯಲ್ಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ (ಫೋಕಸ್ ಬೀಳುವ ಜಾಗ ತುಸು ಸರಿಸುವ ಸೆಟಿಂಗ್) ಇದ್ದರೆ ಸರಿಮಾಡಬಹುದು.

ಆಮೇಲೆ ಎಫ್2.8ರಿಂದ ಎಫ್16ರವರೆಗೆ ಪ್ರತಿ ಸ್ಟಾಪ್‌ನಲ್ಲೂ, 70, 100, 135, 200ರಲ್ಲಿ ಒಂದೊಂದು ಚಿತ್ರ. ಎಫ್2.8ರಲ್ಲಿ ಎಲ್ಲ ಸರಿಯಿದ್ದು, ಅಪರ್ಚರ್ ಇಳಿಸಿದ ಕೂಡಲೇ ಎರರ್ 01 ಬಂದರೆ ಅಪರ್ಚರ್ ಘಟಕ ಅಥವಾ ಅದರ ತೆಳು ಕೇಬಲ್ ಹೋಗಿದೆ. ಜೂಮ್‌ನ ಒಂದೇ ಜಾಗದಲ್ಲಿ ಎರರ್ ಬರುತ್ತಿದ್ದರೂ ಕೇಬಲ್ಲೇ. ಅಂಗಡಿಯಲ್ಲಿ ಎರಡು ಚಿತ್ರ ತೆಗೆದು ಒಪ್ಪಿಕೊಂಡವರಿಗೆ ಇದು ಮದುವೆಯ ದಿನ ಗೊತ್ತಾಗುತ್ತದೆ.

ಐಎಸ್‌ಗೆ: 200 ಎಂಎಂ, 1/25, ಕೈಯಲ್ಲೇ ಹಿಡಿದು ಹತ್ತು ಚಿತ್ರ. ಬಟನ್ ಅರ್ಧ ಒತ್ತಿ ಒಂದು ಸೆಕೆಂಡ್ ಕಾದು ಹೊಡೆಯಿರಿ. ಆರೇಳು ಚೊಕ್ಕ ಬಂದರೆ ಸರಿ. ಹಳೆಯ ಐಎಸ್ ಸಣ್ಣಗೆ ಗುರ್‌ಗುಟ್ಟುವುದು ಸಹಜ. ವ್ಯೂಫೈಂಡರಿನಲ್ಲಿ ಚಿತ್ರ ಜಿಗಿಯುವುದು, ಒಂದು ಕಡೆ ವಾಲುತ್ತ ಹೋಗುವುದು ಸಹಜವಲ್ಲ. ನಿಕಾನ್‌ನ ಹಳೆಯ ಎಎಫ್-ಎಸ್ (ಒಳಗೇ ಮೋಟಾರು ಇರುವ) ಲೆನ್ಸ್ ಫೋಕಸ್ ಮಾಡುವಾಗ ಕೀರಲು ಸದ್ದು ಮಾಡಿದರೆ ಮೋಟಾರಿನ ದಿನ ಹತ್ತಿರ ಬಂದಿದೆ.

ಪರೀಕ್ಷೆ ಮಾಡುವಾಗ ಮುಂದಿನ ಯುವಿ ಫಿಲ್ಟರ್ ತೆಗೆದಿಡಿ. ಅಗ್ಗದ ಫಿಲ್ಟರ್ ಟೆಲಿ ಲೆನ್ಸ್‌ನ ಚಿತ್ರವನ್ನೇ ಮೆತ್ತಗೆ ಮಾಡುತ್ತದೆ, ತಪ್ಪು ಲೆನ್ಸ್‌ನ ಮೇಲೆ ಬರುತ್ತದೆ. ಮಂಟಪದ ಎಲ್ಇಡಿ ಬೆಳಕಿನಲ್ಲಿ ಅಡ್ಡಪಟ್ಟಿ ಬಂದರೂ ಲೆನ್ಸ್‌ಗೆ ಸಂಬಂಧವಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್, ಮಿನುಗು ಸೆಕೆಂಡಿಗೆ 100 ಬಾರಿ. ಶಟರ್ 1/100ಕ್ಕೆ ಇಟ್ಟು, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಹೋಗಿ.

ಮನೆಗೆ ತಂದ ಮೇಲೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬ್ಯಾಗಿನೊಳಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ, ಫಂಗಸ್‌ಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಹೈಗ್ರೋಮೀಟರ್ (ಗಾಳಿಯ ತೇವ ಶೇಕಡಾದಲ್ಲಿ ತೋರಿಸುವ ಮಾಪಕ) ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ, 60 ದಾಟಿದರೆ ಜೆಲ್ ಒಣಗಿಸಿ. ಗದಗ ಕಡೆಯ ಧೂಳಿನಲ್ಲಿ ತಿರುಗಿ ಬಂದ ದಿನ ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಊದದೆ ಬಟ್ಟೆ ಹಚ್ಚಿದರೆ ಮಣ್ಣಿನ ಕಣವೇ ಗಾಜನ್ನು ಗೀರುತ್ತದೆ. ಹೊರಚಾಚುವ ಜೂಮ್ ಆದರೆ ಉದ್ದ ಮಾಡಿ ಆ ಕೊಳವೆಯನ್ನೂ ಒರೆಸಿ, ನಂತರವೇ ಒಳಗೆ ತಳ್ಳಿ.